ಮುಂಬೈ ಹೋಟೆಲಿನಲ್ಲಿ ಗ್ಲುಟೆನ್ ಇಲ್ಲದ ಊಟ: ಎಲ್ಲಿ ಹೋಗಬೇಕು, ಯಾರನ್ನು ಕೇಳಬೇಕು, ಯಾವಾಗ ಎದ್ದು ಬರಬೇಕು

"ಅಕ್ಕಿ ತಿಂಡಿ ಅಲ್ವಾ, ಏನೂ ಆಗಲ್ಲ" ಎಂದು ಇಡ್ಲಿ ಸಾಂಬಾರ್ ತಿಂದು, ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ಕೂತವರು ಮುಂಬೈಯ ನಮ್ಮವರಲ್ಲಿ ಬೇಕಾದಷ್ಟು ಜನ ಇದ್ದಾರೆ. ಚಪಾತಿ ಬಿಟ್ಟಿದ್ದಾರೆ, ಪಾವ್ ಬಿಟ್ಟಿದ್ದಾರೆ, ಬಿಸ್ಕತ್ತು ಮುಟ್ಟುವುದಿಲ್ಲ. ಆದರೂ ಹೊರಗೆ ಊಟ ಮಾಡಿದರೆ ಮಾರನೇ ದಿನ ಅದೇ ಹೊಟ್ಟೆನೋವು, ಅದೇ ಭೇದಿ, ಅದೇ ಸುಸ್ತು. ನಮ್ಮ ಮಗಳಿಗೆ ಸೀಲಿಯಾಕ್ ಇದೆ, ಅಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಅವಳ ಕರುಳಿಗೆ ಆಗದ ಕಾಯಿಲೆ. ಹಾಗಾಗಿ ಈ ಪೇಚಾಟ ಎಷ್ಟು ಬೇಸರದ್ದು ಅಂತ ನನಗೆ ಚೆನ್ನಾಗಿ ಗೊತ್ತು.

ಬಹುತೇಕರು ಎಡವುವುದು ಒಂದೇ ಜಾಗದಲ್ಲಿ. ತಿಂಡಿಯ ಹೆಸರು ನೋಡಿ ತೀರ್ಮಾನ ಮಾಡುತ್ತಾರೆ. ದೋಸೆ ಅಂದರೆ ಅಕ್ಕಿ, ವಡೆ ಅಂದರೆ ಉದ್ದು, ಭಾಕರಿ ಅಂದರೆ ಜೋಳ. ಹೆಸರೇನೋ ಸರಿಯೇ. ಆದರೆ ಅದೇ ಕಾವಲಿಯಲ್ಲಿ ಸ್ವಲ್ಪ ಹೊತ್ತಿನ ಮುಂಚೆ ರವೆ ದೋಸೆ ಹೊಯ್ದಿರುತ್ತಾರೆ. ಅದೇ ಎಣ್ಣೆಯಲ್ಲಿ ಸಮೋಸ ಕರಿದಿರುತ್ತಾರೆ. ಒಗ್ಗರಣೆಗೆ ಹಾಕಿದ ಇಂಗಿನಲ್ಲೇ ಗೋಧಿ ಹಿಟ್ಟು ಇರುತ್ತದೆ. ಅದಕ್ಕೇ ಹುಡುಕುವ ಕ್ರಮ ತಿರುವುಮುರುವು ಆಗಬೇಕು. ಮೊದಲು ಅಡುಗೆಮನೆ ಎಂಥದ್ದು ಅಂತ ನೋಡಿ, ಆಮೇಲೆ ಸರಿಯಾದವರನ್ನು ಹಿಡಿದು ಕೇಳಿ, ಏನು ತಿನ್ನಬೇಕು ಅನ್ನುವುದನ್ನು ಕೊನೆಗೆ ಇಟ್ಟುಕೊಳ್ಳಿ.

## ಶುರು ಮಾಡುವ ಮುಂಚೆ: ಇದು ಯಾರಿಗೆ

ಗ್ಲುಟೆನ್ ಅಂದರೆ ಗೋಧಿ, ಬಾರ್ಲಿ, ರೈ ಈ ಧಾನ್ಯಗಳಲ್ಲಿರುವ ಪ್ರೋಟೀನು. ಮೈದಾ, ಸೂಜಿ ರವೆ, ಶಾವಿಗೆ, ದಲಿಯಾ, ಬ್ರೆಡ್ಡು ಎಲ್ಲ ಗೋಧಿಯದೇ ಬೇರೆ ಬೇರೆ ರೂಪ. ಅಕ್ಕಿ, ಜೋಳ, ಸಜ್ಜೆ, ರಾಗಿ, ಮೆಕ್ಕೆಜೋಳ, ಬೇಳೆಕಾಳು, ಸಾಬುದಾಣಿ, ರಾಜಗಿರಾ, ಆಲೂಗೆಡ್ಡೆ ಇವುಗಳಲ್ಲಿ ಗ್ಲುಟೆನ್ ಇಲ್ಲ. ಓಟ್ಸ್‌ಗೆ ಹೊಲದಲ್ಲೋ ಗಿರಣಿಯಲ್ಲೋ ಗೋಧಿ ಸೇರಿಕೊಳ್ಳುವುದು ಸಾಮಾನ್ಯ. ಹೋಟೆಲಿನಲ್ಲಿ ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಈ ಮಾರ್ಗದರ್ಶಿ ಮುಖ್ಯವಾಗಿ ಸೀಲಿಯಾಕ್ ಇರುವವರಿಗೆ. ಅವರ ದೇಹ ಗ್ಲುಟೆನ್ ಕಂಡ ತಕ್ಷಣ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಹೊಟ್ಟೆ ನೋಯದಿದ್ದರೂ ಒಳಗೆ ಹಾನಿ ಆಗುತ್ತಿರಬಹುದು. ಆದ್ದರಿಂದ "ಮೊನ್ನೆ ತಿಂದೆ, ಏನೂ ಆಗಲಿಲ್ಲ" ಎನ್ನುವುದು ಪುರಾವೆ ಅಲ್ಲ. ಹೊಟ್ಟೆಗೆ ಹೋಗುವ ಗ್ಲುಟೆನ್ ದಿನಕ್ಕೆ 10 ಮಿಲಿಗ್ರಾಂ ಒಳಗೆ ಇದ್ದರೆ ಬಹುಪಾಲು ರೋಗಿಗಳಿಗೆ ತೊಂದರೆ ಆಗುವುದಿಲ್ಲ, ದಿನಾ 50 ಮಿಲಿಗ್ರಾಂ ಹೋದರೆ ಕರುಳಿನ ಪದರ ಕೆಡುತ್ತದೆ ಎಂದು ವೈದ್ಯರು ಹೇಳುತ್ತಾರೆ. ಒಂದು ಸ್ಲೈಸ್ ಬ್ರೆಡ್ಡಿನಲ್ಲಿ ಇರುವುದು ಸುಮಾರು 2 ಗ್ರಾಂ, ಅಂದರೆ 2000 ಮಿಲಿಗ್ರಾಂ. ತಟ್ಟೆಯ ಮೂಲೆಯಲ್ಲಿ ಉಳಿದ ಪಾವಿನ ಪುಡಿಯ ಬಗ್ಗೆ ನಾನು ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೇನೆ ಅಂತ ಈಗ ಗೊತ್ತಾಯಿತಲ್ಲ.

ಗೋಧಿ ಅಲರ್ಜಿ ಬೇರೆಯೇ ಕಾಯಿಲೆ. ಅದರಲ್ಲಿ ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಕೆಲವೇ ನಿಮಿಷಗಳಲ್ಲಿ ಶುರುವಾಗಬಹುದು. ಅಂಥವರು ವೈದ್ಯರು ಕೊಟ್ಟ ತುರ್ತು ಔಷಧಿ ಜೇಬಿನಲ್ಲಿಲ್ಲದೆ ಹೋಟೆಲಿಗೆ ಹೋಗಲೇಬಾರದು.

ಇನ್ನೂ ಪರೀಕ್ಷೆ ಮಾಡಿಸದವರಿಗೆ ಒಂದು ಮಾತು. ಸುಮ್ನೆ ಅನುಮಾನದ ಮೇಲೆ ಗೋಧಿ ಬಿಡಬೇಡಿ. ಟಿಟಿಜಿ ಐಜಿಎ ಎನ್ನುವ ರಕ್ತಪರೀಕ್ಷೆ, ಆಮೇಲೆ ಬೇಕಾದರೆ ಎಂಡೋಸ್ಕೋಪಿ, ಬಯಾಪ್ಸಿ. ಇವೆಲ್ಲ ಗೋಧಿ ತಿನ್ನುತ್ತಿರುವಾಗಲೇ ಆಗಬೇಕು. ಮುಂಚೆಯೇ ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

## ಹಂತ 1: ಚೀಲದಲ್ಲಿ ಏನಿರಬೇಕು

ಒಂದು ಕಾರ್ಡು. ಇದೇ ಎಲ್ಲಕ್ಕಿಂತ ದೊಡ್ಡ ಆಯುಧ. ಗ್ಲುಟೆನ್ ಎನ್ನುವ ಮಾತು ಹೆಚ್ಚಿನ ಹೋಟೆಲುಗಳ ಅಡುಗೆಯವರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವರಿಗೆ ಗೋಧಿ ಗೊತ್ತು, ಮೈದಾ ಗೊತ್ತು. ಆದ್ದರಿಂದ ವಸ್ತುಗಳ ಹೆಸರನ್ನೇ ಬರೆಯಿರಿ. ಕಾರ್ಡು ದೇವನಾಗರಿಯಲ್ಲಿರಲಿ, ಒಂದು ಬದಿ ಮರಾಠಿ, ಇನ್ನೊಂದು ಬದಿ ಹಿಂದಿ. ಓದಿ ಹೇಳುವುದಕ್ಕೆ ಕನ್ನಡ ಲಿಪಿಯಲ್ಲಿ ಇಲ್ಲಿ ಕೊಟ್ಟಿದ್ದೇನೆ.

ಮರಾಠಿ: "ಮಲಾ ಗಹೂ, ಮೈದಾ, ರವಾ, ಶೇವಯಾ, ಪಾವ್, ಸೋಯಾ ಸಾಸ್ ಅಜಿಬಾತ ಚಾಲತ ನಾಹೀ. ಥೋಡಂಸಂ ಪೀಠ ಲಾಗಲಂ ತರೀ ತಬ್ಯೇತ ಬಿಘಡತೇ."

ಹಿಂದಿ: "ಮುಝೆ ಗೇಹೂಂ, ಮೈದಾ, ಸೂಜಿ, ಬ್ರೆಡ್, ಸೋಯಾ ಸಾಸ್ ಬಿಲ್ಕುಲ್ ನಹೀಂ ಚಲ್ತಾ. ಥೋಡಾ ಸಾ ಆಟಾ ಲಗ್ ಗಯಾ ತೋ ಭೀ ತಬಿಯತ್ ಬಿಗಡ್ ಜಾತೀ ಹೈ."

ಗಲ್ಲಾದಲ್ಲಿ ನಮ್ಮೂರ ಶೆಟ್ರು ಕೂತಿದ್ದರೆ ಕಾರ್ಡು ತೆಗೆಯುವ ಮುಂಚೆಯೇ ತುಳುವಿನಲ್ಲಿ "ಎಂಕ್ ಗೋದಿ, ಮೈದ, ರವೆ ಆಪುಜಿ" ಎಂದುಬಿಡಿ. ಕನ್ನಡ, ತುಳು ಕೇಳಿದ ಕೂಡಲೇ ಅವರು ಸ್ವಲ್ಪ ಹೊತ್ತು ನಿಂತು ಮಾತಾಡುತ್ತಾರೆ. ಮುಂಬೈಯಲ್ಲಿ ನಮಗಿರುವ ದೊಡ್ಡ ಅನುಕೂಲ ಇದು. ಸಂಕೋಚ ಬಿಟ್ಟು ಬಳಸಿಕೊಳ್ಳಿ.

ಇನ್ನು ಉಳಿದ ಸಾಮಾನು: ಒಂದು ಸ್ಟೀಲ್ ಚಮಚ, ಸಣ್ಣ ಡಬ್ಬಿಯಲ್ಲಿ ಮನೆಯ ಅಕ್ಕಿ ರೊಟ್ಟಿ ಅಥವಾ ಜೋಳದ ರೊಟ್ಟಿ, ಸ್ವಲ್ಪ ಹುರಿದ ಶೇಂಗಾ ಅಥವಾ ಬಾಳೆಹಣ್ಣು. ರೊಟ್ಟಿ ಒಯ್ಯುವುದಕ್ಕೆ ಮುಂಚೆ ಹೋಟೆಲಿನವರನ್ನು ಒಂದು ಮಾತು ಕೇಳಿ. ಕಾಯಿಲೆಗೆ ಅಂತ ಹೇಳಿದರೆ ಬೇಡ ಅನ್ನುವವರು ಕಡಿಮೆ. ಹಸಿದ ಹೊಟ್ಟೆಯಲ್ಲಿ ಹೋಟೆಲ್ ಹುಡುಕಬೇಡಿ. ಹಸಿವಾದಾಗ ಯಾರು "ನಡೆಯುತ್ತೆ" ಅಂದರೂ ನಂಬಬೇಕು ಅನ್ನಿಸುತ್ತದೆ.

## ಹಂತ 2: ಹೋಟೆಲ್ ಆರಿಸುವುದು

ಮೆನು ನೋಡಿ ಆರಿಸಬೇಡಿ. ಆ ಅಡುಗೆಮನೆಯಲ್ಲಿ ದಿನವಿಡೀ ಗೋಧಿ ಹಿಟ್ಟು ಎಷ್ಟು ಹಾರಾಡುತ್ತದೆ ಎಂದು ಯೋಚಿಸಿ.

ನನ್ನ ಮೊದಲ ಆಯ್ಕೆ ಕರಾವಳಿಯ ಮೀನಿನ ಹೋಟೆಲುಗಳು. ಫೋರ್ಟ್ ಕಡೆಯ ಮಂಗಳೂರು ಶೈಲಿಯವು, ದಾದರ್, ಗಿರಗಾಂವ್ ಕಡೆಯ ಮಾಲವಣಿ ಶೈಲಿಯವು. ಅಲ್ಲಿ ಊಟದ ಬುಡ ಅಕ್ಕಿ. ಅನ್ನ, ನೀರುದೋಸೆ, ಕೋರಿ ರೊಟ್ಟಿ, ತಾಂದಳಾಚಿ ಭಾಕರಿ. ಗಸಿಗೆ ದಪ್ಪ ಬರುವುದು ತೆಂಗಿನಕಾಯಿಯಿಂದ, ಹಿಟ್ಟಿನಿಂದಲ್ಲ.

ಎರಡನೆಯದು ಮರಾಠಿ ಉಪಾಹಾರಗೃಹಗಳು, ಅದರಲ್ಲೂ ಉಪವಾಸದ ತಿಂಡಿ ಮಾಡುವಂಥವು. ಇದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ.

ಉಡುಪಿ ಹೋಟೆಲನ್ನು ಮೂರನೆಯ ಸ್ಥಾನಕ್ಕೆ ಹಾಕಿದ್ದಕ್ಕೆ ಹಲವರಿಗೆ ಬೇಸರ ಆಗಬಹುದು. ಮಾಟುಂಗಾದಲ್ಲೋ ಚೆಂಬೂರಿನಲ್ಲೋ ಹೋಟೆಲಿಗೆ ಹೋಗುವುದು ಅಂದರೆ ನಮಗೆ ಮನೆಗೆ ಹೋದ ಹಾಗೆ. ಆದರೆ ಅದೇ ಅಡುಗೆಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತ್, ರವೆ ಇಡ್ಲಿ, ರವೆ ದೋಸೆ, ಪೂರಿ, ಗೋಳಿಬಜೆ, ಪಾವ್ ಭಾಜಿ, ಸ್ಯಾಂಡ್‌ವಿಚ್ಚು, ಚೈನೀಸ್ ಎಲ್ಲ ಒಟ್ಟೊಟ್ಟಿಗೆ ನಡೆಯುತ್ತದೆ. ಮೆನು ಉದ್ದ ಆದಷ್ಟೂ ನಮಗೆ ಕಷ್ಟ ಜಾಸ್ತಿ. ಬರೀ ಇಡ್ಲಿ, ದೋಸೆ, ಊಟ ಅಷ್ಟೇ ಇರುವ ಹಳೆಯ ಸಣ್ಣ ಹೋಟೆಲು ಸಿಕ್ಕರೆ ಅದು ವಾಸಿ.

ದೊಡ್ಡ ಸರಣಿ ಹೋಟೆಲುಗಳಲ್ಲಿ ಒಂದು ಕಾನೂನಿನ ಬಲ ಇದೆ. 2020ರ ಲೇಬಲಿಂಗ್ ನಿಯಮದ ಪ್ರಕಾರ 10 ಅಥವಾ ಅದಕ್ಕಿಂತ ಜಾಸ್ತಿ ಕಡೆ ಶಾಖೆ ಇರುವ ಹೋಟೆಲುಗಳು ಅಲರ್ಜಿ ತರುವ ವಸ್ತುಗಳ ಮಾಹಿತಿ ಕೊಡಬೇಕು. ಗ್ಲುಟೆನ್ ಇರುವ ಧಾನ್ಯಗಳೂ ಆ ಪಟ್ಟಿಯಲ್ಲಿವೆ. "ಅಲರ್ಜನ್ ಚಾರ್ಟ್ ಕೊಡಿ" ಎಂದು ಕೇಳಿ. ಆದರೆ ಚಾರ್ಟು ಹೇಳುವುದು ಒಳಗೆ ಏನು ಹಾಕಿದ್ದಾರೆ ಅಂತ ಮಾತ್ರ. ಅದೇ ಎಣ್ಣೆ, ಅದೇ ಕಾವಲಿ ಅನ್ನುವುದು ಅದರಲ್ಲಿ ಕಾಣುವುದಿಲ್ಲ.

ಸೀಲಿಯಾಕ್ ಇರುವವರು ಬಿಟ್ಟೇಬಿಡಬೇಕಾದವು: ಇಂಡೋ ಚೈನೀಸ್, ಬೇಕರಿ ಜೊತೆಗಿರುವ ಕೆಫೆ, ಪಿಜ್ಜಾ ಮಾಡುವ ಜಾಗ, ಬೀದಿಬದಿಯ ವಡಾಪಾವ್ ಗಾಡಿ.

## ಹಂತ 3: ಹೊತ್ತು ನೋಡಿ ಹೋಗಿ

ಮಧ್ಯಾಹ್ನ 1ರಿಂದ 2.30ರವರೆಗೆ ಆಫೀಸಿನವರ ನುಗ್ಗಾಟ. ಆಗ ಯಾರಿಗೂ ನಿಮ್ಮ ಮಾತು ಕೇಳುವ ಪುರುಸೊತ್ತು ಇರುವುದಿಲ್ಲ. ತಿಂಡಿ ಮುಗಿದು ಊಟ ಶುರುವಾಗುವ 11.30, 12 ಗಂಟೆಯ ಹೊತ್ತಿಗೆ ಹೋಗಿ. ರಾತ್ರಿಯಾದರೆ 7 ಗಂಟೆಗೆ. ಹಿಂದಿನ ದಿನ ಅಥವಾ ಅದೇ ದಿನ ಮಧ್ಯಾಹ್ನ 4 ಗಂಟೆ ಸುಮಾರಿಗೆ ಒಂದು ಫೋನ್ ಮಾಡಿದರೆ ಇನ್ನೂ ಒಳ್ಳೆಯದು. ಆ್ಯಪಿನಲ್ಲಿ ತರಿಸುವವರು "ಗೋಧಿ ಬೇಡ" ಎಂದು ಸೂಚನೆ ಬರೆದು ಬಿಟ್ಟರೆ ಸಾಲದು. ಅದನ್ನು ಓದುವವರು ಯಾರು ಅಂತ ನಿಮಗೆ ಗೊತ್ತಾಗುವುದಿಲ್ಲ. ಹೋಟೆಲಿಗೇ ಫೋನ್ ಮಾಡಿ.

## ಹಂತ 4: ಸರಿಯಾದವರನ್ನು, ಸರಿಯಾಗಿ ಕೇಳಿ

ನೀರು ತಂದಿಡುವ ಹುಡುಗನನ್ನು ಕೇಳಬೇಡಿ. ಅವನಿಗೆ ಗೊತ್ತಿರುವುದಿಲ್ಲ, ಗೊತ್ತಿಲ್ಲ ಅನ್ನುವುದಕ್ಕೆ ಹೆದರಿಕೆ. ಕ್ಯಾಪ್ಟನ್ನನ್ನು ಕರೆಯಿರಿ ಅಥವಾ ನೇರವಾಗಿ ಗಲ್ಲಾಕ್ಕೆ ಹೋಗಿ. ಅವರಿಗೂ ಅನುಮಾನ ಇದ್ದರೆ "ಒಳಗೆ ಭಟ್ಟರನ್ನೇ ಒಮ್ಮೆ ಕೇಳಿ ಹೇಳ್ತೀರಾ?" ಎನ್ನಿ. ಒಳಗೆ ಹೋಗಿ ಕೇಳಿಕೊಂಡು ಬಂದವರ ಮಾತಿಗೆ ಬೆಲೆ ಇದೆ. ನಿಂತಲ್ಲೇ ಕೊಟ್ಟ ಉತ್ತರಕ್ಕೆ ಅಷ್ಟಿಲ್ಲ.

ಹೌದು, ಅಲ್ಲ ಎಂದು ಉತ್ತರ ಬರುವ ಪ್ರಶ್ನೆ ಕೇಳಬೇಡಿ. "ಇದರಲ್ಲಿ ಮೈದಾ ಇಲ್ಲ ಅಲ್ವಾ?" ಎಂದರೆ "ಇಲ್ಲ ಇಲ್ಲ, ತಿನ್ನಿ" ಎಂದೇ ಬರುತ್ತದೆ. ಪಾಪ, ಗಿರಾಕಿಗೆ ಸಮಾಧಾನ ಆಗಲಿ ಎಂದು ಹೇಳುತ್ತಾರೆ. ಅದರ ಬದಲು ಹೀಗೆ ಕೇಳಿ:

"ಅಣ್ಣಾ, ಈ ಹಿಟ್ಟಿಗೆ ಏನೇನು ಹಾಕ್ತೀರಿ?"

"ಗ್ರೇವಿ ದಪ್ಪ ಆಗೋದಕ್ಕೆ ಏನು ಹಾಕ್ತಾರೆ?"

"ಈ ಬಾಣಲೆಯಲ್ಲಿ ಬೇರೆ ಏನೇನು ಕರೀತೀರಿ?"

ಮರಾಠಿ ಹೋಟೆಲಿನಲ್ಲಿ: "ದಾದಾ, ಭಾಕರೀ ಕುಠಲ್ಯಾ ಪಿಠಾಚೀ? ಆಣಖೀ ಕಾಯ ಘಾಲತಾ?" (ಭಾಕರಿ ಯಾವ ಹಿಟ್ಟಿನದು? ಇನ್ನೇನು ಹಾಕ್ತೀರಿ?)

ಉತ್ತರದಲ್ಲಿ ವಸ್ತುಗಳ ಹೆಸರು ಬಂದರೆ ಮುಂದುವರಿಯಿರಿ. "ಸಬ್ ಚಲೇಗಾ" ಎಂದು ಬಂದರೆ ಮತ್ತೆ ಒಂದು ಸಲ ಕೇಳಿ. ಎರಡನೇ ಸಲವೂ ಅದೇ ಬಂದರೆ ಆ ಹೋಟೆಲು ಬೇಡ.

ಇಲ್ಲೊಂದು ಗೊಂದಲ ಪದೇ ಪದೇ ಆಗುತ್ತದೆ. "ಇಡ್ಲಿಯಲ್ಲಿ ರವೆ ಇದೆ" ಎಂದು ಹೇಳಿದ ಕೂಡಲೇ ಗಾಬರಿ ಆಗಬೇಡಿ. ಇಡ್ಲಿ ರವೆ ಅಕ್ಕಿಯದು. ಉಪ್ಪಿಟ್ಟಿನ ರವೆ ಗೋಧಿಯದು. "ಅಕ್ಕಿ ರವೆಯಾ, ಸೂಜಿ ರವೆಯಾ?" ಎಂದು ಬಿಡಿಸಿ ಕೇಳಿ.

## ಹಂತ 5: ಇಂಗಿನ ಡಬ್ಬಿ ತರಿಸಿ ನೋಡಿ

ಅಕ್ಕಿ ಊಟ ಮಾಡಿಯೂ ಹೊಟ್ಟೆ ಕೆಡಿಸಿಕೊಂಡವರು ಮೊದಲು ಅನುಮಾನ ಪಡಬೇಕಾದದ್ದು ಇದರ ಮೇಲೆ. ಶುದ್ಧ ಇಂಗು ಗಿಡದ ಬೇರಿನಿಂದ ಬರುವ ಅಂಟು. ಅದರಲ್ಲಿ ಗ್ಲುಟೆನ್ ಇಲ್ಲ. ಆದರೆ ಅದರ ಘಾಟು ತಡೆಯಲು ಆಗುವುದಿಲ್ಲ. ಅದಕ್ಕೆ ಹಿಟ್ಟು ಮತ್ತು ಗೋಂದು ಬೆರೆಸಿ ಮಾರುತ್ತಾರೆ. ಡಬ್ಬಿಯ ಮೇಲೆ ಕಾಂಪೌಂಡೆಡ್ ಎಂದು ಬರೆದಿರುತ್ತದೆ. ಹಿಂದೆ ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಮೊದಲು ಬರುವುದು ಜಾಸ್ತಿ ಇರುವ ವಸ್ತು. ಎಷ್ಟೋ ಡಬ್ಬಿಗಳಲ್ಲಿ ಗೋಧಿ ಹಿಟ್ಟೋ ಮೈದಾವೋ ಮುಂದೆ ಇದ್ದು, ಇಂಗು ಹಿಂದೆ ಇರುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಹೋಟೆಲಿನವರು ಅದನ್ನೇ ತಂದಿರುತ್ತಾರೆ ಎಂದು ಅಂದುಕೊಳ್ಳುವಂತಿಲ್ಲ.

ಇಂಗು ಎಲ್ಲೆಲ್ಲಿ ಇರುತ್ತದೆ? ಸಾಂಬಾರ್, ರಸಂ, ದಾಲ್, ಪಲ್ಯದ ಒಗ್ಗರಣೆ, ಚಟ್ನಿಯ ಒಗ್ಗರಣೆ, ಚಟ್ನಿಪುಡಿ, ಮಸಾಲೆ ಮಜ್ಜಿಗೆ, ಹಪ್ಪಳ, ಬಟಾಟೆ ವಡೆಯ ಒಳಗಿನ ಪಲ್ಯ. ಅಂದರೆ ಬಾಳೆಎಲೆ ಊಟದಲ್ಲಿ ಅನ್ನ, ತುಪ್ಪ, ಮೊಸರು ಬಿಟ್ಟರೆ ಹೆಚ್ಚುಕಡಿಮೆ ಎಲ್ಲದರಲ್ಲೂ.

ದೊಡ್ಡ ಹಂಡೆಗೆ ಹಾಕುವ ಇಂಗು ಸ್ವಲ್ಪವೇ, ಒಂದು ಬಟ್ಟಲು ಸಾಂಬಾರಿಗೆ ಬರುವುದು ಇನ್ನೂ ಸ್ವಲ್ಪ ಎಂದು ನೀವು ಹೇಳಬಹುದು. ನಿಜ. ಆದರೆ ಸಾಂಬಾರ್, ಪಲ್ಯ, ಮಜ್ಜಿಗೆ, ಹಪ್ಪಳ ಎಲ್ಲ ಸೇರಿದರೆ ಎಷ್ಟಾಯಿತು ಎಂದು ಅಳೆಯುವ ದಾರಿ ಹೋಟೆಲಿನಲ್ಲಿ ಇಲ್ಲ. ಸೀಲಿಯಾಕ್ ಇರುವ ಮಕ್ಕಳ ವಿಷಯದಲ್ಲಿ ನಾನು ಈ ಲೆಕ್ಕಾಚಾರಕ್ಕೆ ಹೋಗುವುದೇ ಇಲ್ಲ. ಡಬ್ಬಿ ನೋಡುತ್ತೇನೆ, ಗೋಧಿ ಎಂದು ಕಂಡರೆ ಸಾಂಬಾರ್ ಬೇಡ ಅನ್ನುತ್ತೇನೆ.

ಕೇಳುವ ರೀತಿ: "ಶೆಟ್ರೇ, ಇಂಗಿನ ಡಬ್ಬಿ ಒಮ್ಮೆ ತೋರಿಸ್ತೀರಾ? ಮಗುಗೆ ಗೋಧಿ ಆಗಲ್ಲ." ಹೀಗೆ ಕೇಳಿದರೆ ಸಿಟ್ಟಾಗುವವರು ಕಡಿಮೆ. ಅವರಿಗೂ ಅದರಲ್ಲಿ ಗೋಧಿ ಇದೆ ಎಂಬುದು ಅವತ್ತೇ ಗೊತ್ತಾಗುವುದು ಎಷ್ಟೋ ಸಲ.

## ಹಂತ 6: ಕಾವಲಿ, ಬಾಣಲೆ, ತಂದೂರು

ಗ್ಲುಟೆನ್ ಬೆಂಕಿಗೆ ಸಾಯುವುದಿಲ್ಲ. ಕರಿದರೂ ಸುಟ್ಟರೂ ಅದು ಗ್ಲುಟೆನ್ನೇ. ತೊಳೆದು ತೆಗೆಯಬೇಕು ಅಷ್ಟೇ.

ದೋಸೆ ಕಾವಲಿಯ ಹತ್ತಿರ ಎರಡು ನಿಮಿಷ ನಿಂತು ನೋಡಿ. ಭಟ್ಟರು ನೀರು ಚಿಮುಕಿಸುತ್ತಾರೆ, ಕಡ್ಡಿ ಪೊರಕೆಯಿಂದ ಒಂದು ಸಲ ಗುಡಿಸುತ್ತಾರೆ, ಹಿಟ್ಟು ಹೊಯ್ಯುತ್ತಾರೆ. ಆ ಪೊರಕೆ ರವೆ ದೋಸೆಯ ಪುಡಿಯನ್ನೂ ಗುಡಿಸಿದೆ, ಪಾವಿನ ತುಂಡನ್ನೂ ಗುಡಿಸಿದೆ. ಅದೇ ಸಟ್ಟುಗ, ಅದೇ ಎಣ್ಣೆ ಬಟ್ಟೆ. ನಿಮ್ಮ ಸಾದಾ ದೋಸೆ ಹಿಟ್ಟು ಎಷ್ಟೇ ಶುದ್ಧ ಇದ್ದರೂ ಕಾವಲಿಯ ಮೇಲೆ ಗೋಧಿ ಸೇರುತ್ತದೆ. ದೋಸೆ ಗರಿಗರಿ ಆಗಲಿ ಎಂದು ಹಿಟ್ಟಿಗೇ ಸ್ವಲ್ಪ ರವೆ ಅಥವಾ ಮೈದಾ ಸೇರಿಸುವುದೂ ಉಂಟು. ಅದನ್ನೂ ಕೇಳಿ. ಎರಡು ಕಾವಲಿ ಇರುವ ಹೋಟೆಲಿನಲ್ಲಿ ಒಂದರಲ್ಲಿ ರವೆ ದೋಸೆ ಹೊಯ್ಯುವುದೇ ಇಲ್ಲ ಎಂದರೆ ಅದು ಒಳ್ಳೆಯ ಜಾಗ. ಇಲ್ಲದಿದ್ದರೆ ಬೇರೆ ತೊಳೆದ ಪ್ಯಾನಿನಲ್ಲಿ ಮಾಡಿಕೊಡಲು ಕೇಳಿ. ಎರಡೂ ಆಗದಿದ್ದರೆ ದೋಸೆಯ ಆಸೆ ಬಿಟ್ಟು ಇಡ್ಲಿಗೆ ಬನ್ನಿ.

ಕರಿದದ್ದು ಅಂದರೆ ನನ್ನ ಮಟ್ಟಿಗೆ ಬೇಡ ಎಂದೇ ಅರ್ಥ. ಉದ್ದಿನ ವಡೆ, ಸಾಬುದಾಣಾ ವಡಾ, ಹಪ್ಪಳ, ಫ್ರೆಂಚ್ ಫ್ರೈಸ್ ಎಲ್ಲ ಹೆಸರಿಗೆ ಸರಿ. ಆದರೆ ಬಾಣಲೆ ಒಂದೇ ಇದ್ದರೆ ಅದರಲ್ಲಿ ಪೂರಿ, ಸಮೋಸ, ಗೋಳಿಬಜೆ ಎಲ್ಲ ಮುಳುಗಿ ಎದ್ದಿರುತ್ತವೆ.

ತಂದೂರಿನಲ್ಲಿ ಮೇಲೆ ನಾನ್ ಅಂಟಿಸುತ್ತಾರೆ, ಕೆಳಗೆ ಟಿಕ್ಕಾ ಇಳಿಬಿಡುತ್ತಾರೆ. ಹಿಟ್ಟು ಎಲ್ಲಿ ಬೀಳುತ್ತದೆ ಅಂತ ಹೇಳಬೇಕಾಗಿಲ್ಲ.

ಭಾಕರಿಗೆ ಬೇರೆಯೇ ಎಚ್ಚರ ಬೇಕು. ಜೋಳದ ಹಿಟ್ಟು ಒಡೆಯುತ್ತದೆ. ತಟ್ಟುವ ಕೈ ಪಳಗಿಲ್ಲದಿದ್ದರೆ ಸ್ವಲ್ಪ ಗೋಧಿ ಹಿಟ್ಟು ಸೇರಿಸಿಬಿಡುತ್ತಾರೆ. ತಟ್ಟುವಾಗ ಉದುರಿಸುವ ಒಣಹಿಟ್ಟು ಯಾವುದು, ಅದೇ ಪರಾತಿನಲ್ಲಿ ಚಪಾತಿಯ ಕಣಕವನ್ನೂ ಕಲಸುತ್ತಾರಾ ಎಂದು ಕೇಳಿ. ಉತ್ತರ ಕರ್ನಾಟಕದವರಿಗೆ ಇದು ನೋಡಿದರೇ ಗೊತ್ತಾಗುತ್ತದೆ. ಗೋಧಿ ಬೆರೆತ ರೊಟ್ಟಿ ಎಳೆದರೆ ಹಿಗ್ಗುತ್ತದೆ, ಬರೀ ಜೋಳದ್ದು ಪಟ್ಟನೆ ಮುರಿಯುತ್ತದೆ. ಆದರೆ ಇದು ಜಾಸ್ತಿ ಬೆರೆಸಿದ್ದರೆ ಹಿಡಿಯಲು ಮಾತ್ರ, ಕಡಿಮೆ ಇದ್ದರೆ ಕೈಗೆ ಗೊತ್ತಾಗುವುದಿಲ್ಲ.

## ಹಂತ 7: ಈಗ ಆರ್ಡರ್ ಮಾಡಿ

ಮೀನಿನ ಹೋಟೆಲಿನಲ್ಲಿ. ಅನ್ನ, ಮೀನಿನ ಗಸಿ ಅಥವಾ ಕಡಿ, ಸೋಲಕಡಿ. ಇಷ್ಟೇ ಸಾಕು, ಹೊಟ್ಟೆ ತುಂಬಾ ಊಟ. ಫ್ರೈ ಬೇಕಾದರೆ ಹುಷಾರು. ಸುರ್ಮಾಯಿ, ಬೊಂಬಿಲ್, ಕಾಣೆ ಯಾವುದೇ ಇರಲಿ, ರವಾ ಫ್ರೈ ಎಂದರೆ ಸೂಜಿ ರವೆ. ಮಸಾಲೆ ಮಾತ್ರ ಸವರಿ, ಅಕ್ಕಿ ಹಿಟ್ಟಿನಲ್ಲಿ ಹೊರಳಿಸಿ, ಬೇರೆ ಪ್ಯಾನಿನಲ್ಲಿ ಮಾಡಿದರೆ ಸರಿ. ಅದೇ ತವಾ ಎಂದರೆ ಬೇಡ. ಕೋರಿ ರೊಟ್ಟಿ ಅಕ್ಕಿಯದು, ಪ್ಯಾಕೆಟ್ಟಿನಿಂದ ತೆಗೆದು ನೇರ ತಟ್ಟೆಗೆ ಹಾಕುತ್ತಾರೆ, ಕಾವಲಿಯ ತಂಟೆ ಇಲ್ಲ. ನೀರುದೋಸೆಗೆ ಮೈದಾ ಸೇರಿಸುತ್ತಾರಾ ಎಂದು ಕೇಳಿಕೊಳ್ಳಿ. ಮಾಲವಣಿ ವಡೆ ಬೇಡ. ಅದರ ಹಿಟ್ಟಿನಲ್ಲಿ ಗೋಧಿ ಇರುವುದು ಸಾಮಾನ್ಯ. ಮಸಾಲೆ ಅಲ್ಲೇ ಅರೆದದ್ದಾ, ಪ್ಯಾಕೆಟ್ಟಿನದ್ದಾ ಎನ್ನುವುದನ್ನೂ ಕೇಳಿ.

ಉಪವಾಸದ ತಟ್ಟೆ. ಇದನ್ನು ನಮ್ಮವರು ಬಳಸಿಕೊಳ್ಳುವುದೇ ಇಲ್ಲ. ಮಹಾರಾಷ್ಟ್ರದಲ್ಲಿ ಏಕಾದಶಿ, ಶ್ರಾವಣ, ನವರಾತ್ರಿ ಅಂದರೆ ಉಪವಾಸದ ಅಡುಗೆ. ಅದರಲ್ಲಿ ಗೋಧಿಯೂ ಇಲ್ಲ, ಅಕ್ಕಿಯೂ ಇಲ್ಲ. ಸಾಬುದಾಣಾ ಖಿಚಡಿ, ವರಿ ಅಕ್ಕಿಯ ಅನ್ನ (ಹೆಸರಿಗೆ ಅಕ್ಕಿ, ನಿಜಕ್ಕೆ ಒಂದು ಬಗೆಯ ಸಿರಿಧಾನ್ಯ), ಶೇಂಗಾ ಆಮ್ಟಿ, ಬಟಾಟೆ ಭಾಜಿ, ರಾಜಗಿರಾ ಪೂರಿ. ಒಗ್ಗರಣೆಗೆ ಜೀರಿಗೆ, ಹಸಿಮೆಣಸು. ಇದಕ್ಕಿಂತ ಮುಖ್ಯವಾದ ಮಾತು: ಉಪವಾಸದ ಅಡುಗೆಗೆ ಬೇರೆ ಅಡುಗೆ ತಾಗಬಾರದು ಎನ್ನುವುದು ಅಲ್ಲಿಯವರಿಗೆ ನೀವು ಹೇಳಿಕೊಡಬೇಕಾಗಿಲ್ಲ. ಪಾತ್ರೆ, ಸೌಟು ಬೇರೆ ಇಡುವ ಹೋಟೆಲುಗಳು ಇವೆ. "ಉಪವಾಸಾಚಂ ಕುಠಲ್ಯಾ ಭಾಂಡ್ಯಾತ ಕರತಾ? ತೇಲ ಕುಠಲಂ?" (ಉಪವಾಸದ್ದು ಯಾವ ಪಾತ್ರೆಯಲ್ಲಿ ಮಾಡ್ತೀರಿ? ಎಣ್ಣೆ ಯಾವುದು?) ಎಂದು ಕೇಳಿ. ಪಾತ್ರೆ ಬೇರೆ ಎಂದು ಅವರೇ ಹೇಳಿದರೆ ನಿಶ್ಚಿಂತೆಯಿಂದ ಖಿಚಡಿ ತಿನ್ನಿ. ಕರಿದ ಪೂರಿ, ಸಾಬುದಾಣಾ ವಡೆ ಮಾತ್ರ ಎಣ್ಣೆ ಬೇರೆ ಎಂದು ಖಚಿತವಾದ ಮೇಲೆ. ರಾಜಗಿರಾ, ಶಿಂಗಾಡೆ ಹಿಟ್ಟು ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿದ್ದರೆ ಅಪಾಯ ಇದ್ದೇ ಇದೆ. ಹಾಗಾಗಿ ಹಿಟ್ಟಿನ ತಿಂಡಿಗಿಂತ ಇಡೀ ಸಾಬುದಾಣಿಯದೇ ನನಗೆ ಇಷ್ಟ.

ಮರಾಠಿ ಊಟ. ಝುಣಕಾ ಭಾಕರ್, ಪಿಠಲಂ ಭಾಕರಿ. ಹಿಟ್ಟು ಮತ್ತು ಇಂಗು ಎರಡನ್ನೂ ಕೇಳಿ ಆದ ಮೇಲೆ. ಭಾಕರಿ ಅನುಮಾನ ಬಂದರೆ ನಿಮ್ಮ ಡಬ್ಬಿಯ ರೊಟ್ಟಿ ತೆಗೆಯಿರಿ. ಕಾಂದಾ ಪೋಹೆ ಒಳ್ಳೆಯದು, ಇಂಗು ಕೇಳಿ, ಮೇಲೆ ಶೇವ್ ಬೇಡ ಎನ್ನಿ. ಮಿಸಳಿನಲ್ಲಿ ಪಾವ್ ಬಿಟ್ಟರೆ ಸಾಲದು, ಮೇಲೆ ಹಾಕುವ ಕರಿದ ಖಾರದ ಮಿಶ್ರಣ, ಅಂದರೆ ಫರಸಾಣ್ ಕೂಡ ಬಿಡಬೇಕು. ಥಾಲಿಪೀಠದ ಭಾಜಣಿಯಲ್ಲಿ (ಹುರಿದ ಧಾನ್ಯ, ಬೇಳೆಗಳ ಹಿಟ್ಟು) ಗೋಧಿ ಇರುವುದು ಜಾಸ್ತಿ, ಬೇಡ. ಗಣೇಶ ಹಬ್ಬದ ಹೊತ್ತಿಗೆ ಸಿಗುವ ಉಕಡೀಚೆ ಮೋದಕ ಅಕ್ಕಿ ಹಿಟ್ಟಿನದು. ಕರಿದ ಮೋದಕ ಗೋಧಿಯದು.

ಉಡುಪಿ ಹೋಟೆಲಿನಲ್ಲಿ. ಇಡ್ಲಿ, ತುಪ್ಪ, ಒಗ್ಗರಣೆ ಹಾಕದ ಕಾಯಿಚಟ್ನಿ. ಬೆಳಗ್ಗೆ ಬೇಗ ಹೋದರೆ ಒಗ್ಗರಣೆಗೆ ಮುಂಚಿನ ಚಟ್ನಿ ತೆಗೆದುಕೊಡುತ್ತಾರೆ. ರವೆ ಇಡ್ಲಿಯನ್ನೂ ಅದೇ ತಟ್ಟೆಯಲ್ಲಿ ಬೇಯಿಸುತ್ತಾರಾ ಎಂದು ಕೇಳಿ. ಊಟಕ್ಕೆ ಅನ್ನ, ತುಪ್ಪ, ಮೊಸರು, ಇಂಗು ಸರಿಯಿದ್ದರೆ ಮಾತ್ರ ಸಾರು. ಶಾವಿಗೆ ಪಾಯಸ ಎಲೆಗೆ ಬೀಳುವ ಮುಂಚೆಯೇ ಕೈ ಅಡ್ಡ ಹಿಡಿಯಿರಿ. ಫಿಲ್ಟರ್ ಕಾಫಿ ಆರಾಮಾಗಿ ಕುಡಿಯಬಹುದು. ಮಾಲ್ಟ್ ಹಾಕಿದ ಪೇಯಗಳಲ್ಲಿ ಬಾರ್ಲಿ ಇರುತ್ತದೆ, ಅವು ಬೇಡ.

ಪಂಜಾಬಿ. ಸೂಪು, ಬಿಳಿ ಗ್ರೇವಿ ಇವುಗಳಿಗೆ ಮೈದಾ ಹಾಕಿರಬಹುದು. ಜೀರಾ ರೈಸ್, ಬೇರೆ ಬಾಣಲೆಯಲ್ಲಿ ಮಾಡಿದ ಭಾಜಿ, ಮೊಸರು ಸಿಕ್ಕರೆ ಸಾಕು. ಗುಲಾಬ್ ಜಾಮೂನು, ಜಿಲೇಬಿ ಎರಡರಲ್ಲೂ ಮೈದಾ. ಫಿರ್ನಿ ಅಕ್ಕಿಯದು.

ಗುಜರಾತಿ ಥಾಲಿ. ರೋಟಿ ಬಡಿಸಿದ ಕೈಯೇ ಎಲ್ಲದಕ್ಕೂ ಓಡಾಡುತ್ತದೆ. ಢೋಕಳಾದಲ್ಲಿ ರವೆ ಇರಬಹುದು. ನಾನಾದರೆ ಹೋಗುವುದಿಲ್ಲ.

ಚಾಟ್. ಪಾನಿಪೂರಿ ರವೆಯದು, ಸೇವ್‌ಪೂರಿಯ ಪೂರಿ ಮೈದಾದ್ದು. ಭೇಳಿನಲ್ಲಿ ಪೂರಿ ಬೇಡ ಎಂದರೂ ಕೈ ಅದೇ. ಚೌಪಾಟಿಗೆ ಹೋದರೆ ಸುಟ್ಟ ಭುಟ್ಟಾ ತಿನ್ನಿ, ಎಳನೀರು ಕುಡಿಯಿರಿ.

ಚೈನೀಸ್ ಮತ್ತು ಬಿಯರು. ಸಾಮಾನ್ಯ ಸೋಯಾ ಸಾಸಿನಲ್ಲಿ ಗೋಧಿ ಇದೆ. ಫ್ರೈಡ್ ರೈಸ್ ಕೂಡ ಅದಕ್ಕೇ ಬೇಡ. ಬಿಯರು ಬಾರ್ಲಿಯದು.

## ಹಂತ 8: ತಟ್ಟೆ ಬಂದ ಮೇಲೆ, ತುತ್ತು ಎತ್ತುವ ಮುಂಚೆ

ಒಂದು ಸಲ ಕೇಳಿ: "ಇದು ನಾನು ಹೇಳಿದ ಗೋಧಿ ಇಲ್ಲದ್ದೇ ತಾನೆ?" ಆರ್ಡರ್ ತೆಗೆದುಕೊಂಡವರು ಬೇರೆ, ತಂದುಕೊಟ್ಟವರು ಬೇರೆ ಆದಾಗ ತಪ್ಪು ನಡೆಯುವುದು ಇಲ್ಲೇ.

ಅನ್ನದ ಮೇಲೆ ಚಪಾತಿ ಇಟ್ಟು ತಂದರೆ ಚಪಾತಿ ತೆಗೆದು ಪಕ್ಕಕ್ಕೆ ಇಡಬೇಡಿ. ತಟ್ಟೆಯನ್ನೇ ವಾಪಸ್ ಕೊಡಿ, ಬೇರೆ ತಟ್ಟೆ ಬೇಕು ಎನ್ನಿ. ಮೃದುವಾಗಿ ಹೇಳಿ, ಆದರೆ ಬಿಟ್ಟುಕೊಡಬೇಡಿ. ಮನೆಯವರೆಲ್ಲ ಒಟ್ಟಿಗೆ ಕೂತಾಗ ಗ್ಲುಟೆನ್ ಬೇಡದವರಿಗೆ ಮೊದಲು ಬಡಿಸಿ, ಅವರ ಬಟ್ಟಲಿಗೆ ಬೇರೆ ಚಮಚ ಇಡಿ. ಚಪಾತಿ ಹರಿದ ಕೈಯಲ್ಲಿ "ಸ್ವಲ್ಪ ಇದನ್ನೂ ತಿನ್ನು ಕಂದಾ" ಎಂದು ಅಜ್ಜಿ ತುತ್ತು ಕೊಡುವುದು ಪ್ರೀತಿಯೇ. ಅಜ್ಜಿಗೆ ಮೊದಲೇ ಹೇಳಿಟ್ಟಿರಿ. ಬಫೆಯಲ್ಲಿ ಸೌಟುಗಳು ಅದಲುಬದಲು ಆಗುತ್ತವೆ. ಸಾಲಿನಲ್ಲಿ ಮೊದಲಿಗರಾಗಿ ಹೋಗಿ, ಅಥವಾ ಒಳಗಿನಿಂದ ಬೇರೆ ತರಿಸಿ.

## ಎದ್ದು ಬರಬೇಕಾದ ಸೂಚನೆಗಳು

ಕೇಳಿದ ಪ್ರಶ್ನೆಗೆಲ್ಲ ಒಂದೇ ವೇಗದಲ್ಲಿ "ಇಲ್ಲ ಇಲ್ಲ" ಬರುತ್ತಿದ್ದರೆ. ಗೋಧಿ ಬೇಡ ಎಂದದ್ದಕ್ಕೆ "ಹಾಗಾದರೆ ಮೈದಾದ್ದು ಕೊಡಲಾ?" ಎಂದರೆ. ಡಬ್ಬಿಯಾಗಲಿ ಪ್ಯಾಕೆಟ್ಟಾಗಲಿ ತೋರಿಸಲು ಒಪ್ಪದಿದ್ದರೆ. ಕಾವಲಿಯ ಪಕ್ಕದಲ್ಲೇ ಪಾವ್ ಕುಯ್ಯುತ್ತಿದ್ದರೆ. "ಸ್ವಲ್ಪ ತಿಂದರೆ ಏನಾಗುತ್ತೆ, ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎಂದರೆ.

ನೀರು ಕುಡಿದು ಎದ್ದು ಬರುವುದಕ್ಕೆ ನಾಚಿಕೆ ಬೇಡ. ಜೊತೆಗೆ ಬಂದವರು ತಿನ್ನಲಿ, ನೀವು ನಿಮ್ಮ ಡಬ್ಬಿ ತೆಗೆಯಿರಿ. ಮಕ್ಕಳ ಜೊತೆಗಿದ್ದರೆ ಇದು ಇನ್ನೂ ಮುಖ್ಯ. ದೊಡ್ಡವರು ಸಂಕೋಚಪಟ್ಟುಕೊಂಡು ತಿಂದರೆ ಮಕ್ಕಳೂ ಸ್ಕೂಲಿನಲ್ಲಿ, ಗೆಳೆಯರ ಬರ್ತ್‌ಡೇಯಲ್ಲಿ ಹಾಗೇ ತಿನ್ನುತ್ತಾರೆ.

## ಹಂತ 9: ತಪ್ಪಿ ಹೊಟ್ಟೆಗೆ ಹೋದರೆ

ಸೀಲಿಯಾಕ್ ಇದ್ದರೆ ಹೊಟ್ಟೆನೋವು, ವಾಂತಿ, ಭೇದಿ, ತಲೆನೋವು, ಸುಸ್ತು ಕೆಲವು ಗಂಟೆಗಳಲ್ಲೋ ಮಾರನೇ ದಿನವೋ ಕಾಣಿಸಬಹುದು. ಗ್ಲುಟೆನ್ನನ್ನು ಹೊರಹಾಕುವ ಮಾತ್ರೆ ಇಲ್ಲ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ನೀರು, ಓಆರ್‌ಎಸ್, ಗಂಜಿ, ವಿಶ್ರಾಂತಿ. ಭೇದಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾಗಿ ಬಿದ್ದುಕೊಂಡರೆ ವೈದ್ಯರ ಹತ್ತಿರ ಹೋಗಿ.

ಗೋಧಿ ಅಲರ್ಜಿ ಇರುವವರಿಗೆ ಮುಖ ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಕಾಯಬೇಡಿ. ತುರ್ತು ಔಷಧಿ ಕೊಟ್ಟು 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ಟ್ಯಾಕ್ಸಿ ಹಿಡಿದು ಹತ್ತಿರದ ಆಸ್ಪತ್ರೆಗೆ ಓಡಿ.

## ಹಂತ 10: ಬರೆದಿಡಿ, ಮತ್ತೆ ಕೇಳಿ

ಒಳ್ಳೆಯ ಹೋಟೆಲು ಸಿಕ್ಕರೆ ಫೋನಿನಲ್ಲಿ ನಾಲ್ಕು ಸಾಲು ಬರೆದಿಡಿ: ಯಾವ ಜಾಗ, ಯಾರನ್ನು ಕೇಳಿದಿರಿ, ಏನು ತಿಂದಿರಿ, ಮಾರನೇ ದಿನ ಹೇಗಿತ್ತು. ಇಂಗಿನ ಡಬ್ಬಿಯ ಫೋಟೊ ಇರಲಿ. ಹೊರಡುವಾಗ ಗಲ್ಲಾದ ಹತ್ತಿರ ಹೋಗಿ ಥ್ಯಾಂಕ್ಸ್ ಹೇಳಿ, ಕಾರ್ಡಿನ ಒಂದು ಪ್ರತಿ ಕೊಟ್ಟು ಬನ್ನಿ. ಮುಂದಿನ ಸಲ ನಿಮ್ಮ ಮುಖ ನೋಡಿದ ಕೂಡಲೇ ಒಳಗೆ ಹೇಳುತ್ತಾರೆ, ನಿಮ್ಮ ನಂತರ ಬರುವ ಇನ್ನೊಬ್ಬ ರೋಗಿಗೂ ಅನುಕೂಲ.

ಆದರೆ ಪ್ರತಿ ಸಲ ಹೋದಾಗಲೂ ಎರಡು ಪ್ರಶ್ನೆ ಮತ್ತೆ ಕೇಳಿ. ಇಂಗು ಅದೇ ಕಂಪನಿಯದಾ? ಭಟ್ಟರು ಅವರೇನಾ? ಮುಂಬೈ ಹೋಟೆಲುಗಳಲ್ಲಿ ಅಡುಗೆಯವರು ಊರಿಗೆ ಹೋಗುತ್ತಾರೆ, ಬದಲಿಯವರು ಬರುತ್ತಾರೆ. ಬದಲಿಯವರಿಗೆ ನಿಮ್ಮ ವಿಷಯ ಗೊತ್ತಿರುವುದಿಲ್ಲ. ಎರಡರಲ್ಲಿ ಒಂದು ಬದಲಾಗಿದ್ದರೂ ಹಂತ 4ರಿಂದ ಮತ್ತೆ ಶುರು ಮಾಡಿ.